ಅರ್ಥ ಸಡಿಲ

ಚಾವಿ ತಿರುವಿದರ ಬರೇ ಟಕ್ ಅಂತದ.
ಮತ್ತ ತಿರುವಿದರ ಮತ್ತ ಟಕ್,
ಬಾಗಿಲ ಬಡಿದು ಓಡಿಹೋದ ಹುಡುಗರಂಗ.

ಖಜೂರಿ ದಾರಿಯ ತೊಗರಿ ಹೊಲದ ಬದುವಿನ ಮ್ಯಾಲೆ
ಗುರುಬಾಯಿ ನಿಂತಾಳ, ಸೆರಗು ಸೊಂಟಕ್ಕ ಸಿಗಿಸಿ.
"ದಸರಾದಿಂದ ಈಚೆಗ ಎರಡು ಬ್ಯಾಟರಿ ತಂದೀನ್ರಿ,
ಆ ಅಂಗಡಿಯವನ ಮಗಳ ಮದುವಿ ನಾನೇ ಮಾಡಿದಂಗಾತು."
ರಾಶಿ ಮಶೀನು ಕಾಯಲಕತ್ತದ. ಟ್ರ್ಯಾಕ್ಟರ್ ಮಾತ್ರ
ಹೊಸ ಕೆಂಪು ಬಣ್ಣದಾಗ
ಮುನಿಸಿಕೊಂಡ ಅಳಿಯನಂಗ ಕುಂತದ.

ಮೊದಲೇ ಕೈ ಹಚ್ಚಬ್ಯಾಡ ಅಂತಿದ್ದ ಲಾಡ್ಲೇಸಾಬ,
ಆಳಂದದ ಬಸ್‌ಸ್ಟ್ಯಾಂಡ್ ಹಿಂದ, ಬೇವಿನ ಗಿಡದ ಬುಡಕ್ಕ,
ತಗಡಿನ ದುಕಾನದಾಗ. ಮೊದಲು ಮೂಗು ಹಚ್ಚು.
ಸುಟ್ಟ ವಾಯರಿಂದು ಒಂದು ವಾಸನಿ,
ಇಲಿ ಗೂಡಿಂದು ಇನ್ನೊಂದು,
ಕುದ್ದ ಆಸಿಡ್ಡಿಂದು ಮೂಗಿನ ತುದಿ ಚಿವುಟೂದು.
ಬಾನೆಟ್ಟಿನಾಗ ಮುಖ ಇಟ್ಟೆ.
ಬರೇ ಬಣ್ಣದ ವಾಸನಿ, ದಸರಾದ್ದು.

ಲೈಟ್ ಹಚ್ಚು ಅಂದೆ. ಹತ್ತಿತು, ಬೆಳ್ಳಗ.
ಈಗ ಚಾವಿ. ಟಕ್. ಲೈಟು
ತೂಕಡಿಸೋ ಮುದುಕನ ಕಣ್ಣಂಗ ಮುಚ್ಚಿ ತೆರೀತು.
ಬ್ಯಾಟರಿಗಿ ಮೀಟರ್ ಹಿಡಿದೆ: ಹನ್ನೆರಡೂವರಿ.
ಟಕ್ ಅಂದಾಗೂ ಕದಲಲಿಲ್ಲ.
ತುಂಬಿದ ಕೊಡ ಅದ, ಕುಡಿಯೋ ಬಾಯಿ ಅದ,
ನಡುವ ಎಲ್ಲೋ ದಾರಿ ಮುಚ್ಚ್ಯದ.

ದಾರಿ ಹುಡುಕಲಿಕ್ಕ ಹೋದವಗ ಕಂಡಿದ್ದು ಬ್ಯಾರೆ.
ಫ್ಯೂಜಿನ ಜಾಗದಾಗ ಸಿಗರೇಟಿನ ಪನ್ನಿ.
ಕಿತ್ತು ಒಗೆದೆ, ಹದಿನೈದರ ಫ್ಯೂಜ್ ಕೂಡಿಸಿದೆ.
ತಾ ಸುಡಲ್ಲ ಪನ್ನಿ, ಗಾಡಿ ಸುಡ್ತದ.
ಟೇಪಿಗಿ ಎಳೆದ ವಾಯರು, ತಗಡಿನ ತೂತಿನಾಗ ರಬ್ಬರಿಲ್ಲದ,
ಸಾಲು ಹೊಡೆದಾಗೆಲ್ಲಾ ನಡುಗಿ ನಡುಗಿ ಚರ್ಮ ಸವೆದು
ನಾಳಿ ಅಲ್ಲದಿದ್ರ ನಾಡದ ತಾಮ್ರ ತೋರಸ್ತಿತ್ತು.
"ಯಾರು ಹಾಕಿದ್ದು ಇದು?"
ಗುರುಬಾಯಿ ಆಕಾಶ ನೋಡಿದಳು.
"ಹಾಡಿಲ್ಲದ ಸಾಲು ಸೀದಾ ಹೋಗಲ್ಲರಿ."

ಇವೆಲ್ಲಾ ಮುಂದಿನ ರೋಗ. ಇವತ್ತಿಂದು ಅಲ್ಲ.

ಕರೀ ಕಡ್ಡಿ ಬ್ಯಾಟರಿಯ ಮೈನಸಿಗಿ,
ಕೆಂಪು ಕಡ್ಡಿ ಇಂಜಿನ್ನಿನ ಬರೀ ಮೈಗಿ.
ತಿರುವು ಅಂದೆ. ಸೊನ್ನಿ ಇರಬೇಕಾದಲ್ಲಿ ಆರು.
ಒಂದೇ ಆಗಿರಬೇಕಾದ ಎರಡರ ನಡುವ
ಆರು ವೋಲ್ಟಿನ ಹಳ್ಳ.

ಆಗ ನೆನಪಾತು ಉಸ್ತಾದನ ಲೆಕ್ಕದ ಬುಕ್ಕು.
ಅರ್ತ್ ಅಂತ ಬರೀಲಿಕ್ಕ ಅವಗ ಬರ್ತಿರಲಿಲ್ಲ.
"ನಿಂಬರ್ಗಾ ಗಾಡಿ. ಬ್ಯಾಟರಿ ಚಲೋ. ಅರ್ಥ ಸಡಿಲ."
"ಮಾದನಹಿಪ್ಪರಗಿ. ಅರ್ಥ ಜಂಗ್ ಹಿಡದದ."
"ಗೌಡರ ಗಾಡಿ. ಅರ್ಥನೇ ಇಲ್ಲ."
ಏಳನೇತ್ತ ಓದಿದ ನಾನು ನಗಕೋತ ತಿದ್ದಲಿಕ್ಕ ಹೋದರ
ಪಾನಾ ಕೈಗಿ ಕೊಟ್ಟ.
"ತಿದ್ದೂದು ಅಲ್ಲಿ, ಬೋಲ್ಟಿನಾಗ."

ಹೆಣೆದ ಪಟ್ಟಿಯ ಬೋಲ್ಟು ಬಿಚ್ಚಿದೆ.
ಪಟ್ಟಿಗೂ ಕಬ್ಬಿಣಕ್ಕೂ ನಡುವ ಹೊಳೆಯೋ ಕೆಂಪು!
ಪೂಜಿಗಿ ಬಂದ ಗಾಡಿ, ಪೇಂಟರ್ ಎಲ್ಲೂ ಬಿಟ್ಟಿಲ್ಲ,
ಬೋಲ್ಟು ತೆಗೆದು ಅದರಡಿಗೂ ಬಳದಾನ, ಪ್ರೀತಿಲೆ.
ಉಸುಗು ಕಾಗದಲೆ ತಿಕ್ಕಿದೆ, ತಿಕ್ಕಿದೆ,
ಕಬ್ಬಿಣ ಬೆಳ್ಳಗ ನಗೋ ತನಕ.
ಬಿಗಿದ ಮ್ಯಾಲೆ ಗ್ರೀಸು, ಅದಕ್ಕೂ ಮೊದಲಲ್ಲ.
ಮಳಿಗಾಲದಾಗ ಎರಿ ಮಣ್ಣು ಎಲ್ಲಿ ಬೇಕಲ್ಲಿ ನುಗ್ತದ.

"ಅರ್ಥ ಅಂದ್ರ ಈ ನೆಲ ಏನ್ರಿ?"
ಕಾಲಿಂದ ಒಂದು ಹೆಂಟಿ ಒತ್ತಿ ಕೇಳಿದಳು.
ಅಲ್ಲವ್ವ, ಇದರ ನಾಕೂ ಕಾಲು ರಬ್ಬರಿನಾಗ ಅವ.
ನೆಲ ಮುಟ್ಟದ ಗಾಡಿಗಿ
ತನ್ನ ಕಬ್ಬಿಣಾನೇ ನೆಲ.

ಚಾವಿ ತಾನೇ ತಿರುವಿದಳು.
ತೊಗರಿ ಸಾಲಿನಿಂದ ಬೆಳವ ಹಾರಿದವು,
ಹೊಗಿ ಒಮ್ಮೆ ಕರಿ, ಆಮ್ಯಾಲೆ ಬೂದಿ.
ಆಕಿ ಏನೋ ಅಂದಳು, ಕೇಳಿಸಲಿಲ್ಲ.

ಚೀಟಿ ತೆಗೆದೆ. ಈಗ ನನಗ ಸರಿಯಾಗಿ ಬರೀಲಿಕ್ಕ ಬರ್ತದ.
ಆದ್ರೂ ಬರೆದೆ:
ಖಜೂರಿ. ಬ್ಯಾಟರಿ ಚಲೋ. ಅರ್ಥ ಸಡಿಲ ಇತ್ತು,
ತಿಕ್ಕಿ ಬಿಗಿದೀನಿ. ನೂರಾ ಐವತ್ತು.
ಟೇಪಿನ ವಾಯರಿಗಿ ರಬ್ಬರು, ಇಪ್ಪತ್ತು.

ನೂರಾ ಐವತ್ತು ಎಣಿಸಿ ಕೊಟ್ಟಳು.
ಇಪ್ಪತ್ತಕ್ಕ ಅರ್ಧ ತಾಸು ಚೌಕಾಸಿ ಮಾಡಿದಳು.